ಗಾಳಿಗೆ ಸಾಕು ಅನ್ನಬಾರದು

ಪುಡಿ ಉದುರುತ್ತಿದೆ, ಬೂದುಬಣ್ಣದ ನುಣ್ಣನೆ ಪುಡಿ, ಅರವನ್ನು ಎಳೆದಾಗಲೆಲ್ಲ ಮೊಣಕಾಲ ಮೇಲಿನ ಪಂಚೆಗೆ ಬಿದ್ದು ಅಲ್ಲಿಯೇ ಕೂರುತ್ತಿದೆ, ಊದೋಣವೆಂದು ಮುಂದೆ ಬಂದ ಕೋದಂಡಪ್ಪನ ತುಟಿ ಅರ್ಧಕ್ಕೇ ನಿಂತಿತು — ಪುಡಿಯನ್ನು ಊದಬಾರದು, ಊದಿದವನು ಆಮೇಲೆ ಉಸಿರು ಎಳೆದುಕೊಳ್ಳಲೇಬೇಕು, ಎಳೆದುಕೊಂಡದ್ದು ಎಲ್ಲಿಗೆ ಹೋಗುತ್ತದೆಂದು ಅವನ ಎದೆಗೆ ಗೊತ್ತು, ವರ್ಷಗಟ್ಟಲೆ ಗಣಿಯೊಳಗೆ ಬಂಡೆ ಕೊರೆಯುತ್ತ ಎಳೆದುಕೊಂಡದ್ದೆಲ್ಲ ಅಲ್ಲೇ ಇದೆ, ಬಂದ ನೆಂಟರು ಮನೆಯವರೇ ಆಗಿ ಕೂತ ಹಾಗೆ — ಪಂಚೆ ಕೊಡವಿದ, ಮುಖ ಆಚೆ ತಿರುಗಿಸಿ ಉಸಿರು ಬಿಟ್ಟ, ಮತ್ತೆ ಅರ ಹಿಡಿದ. ಗಣಿ ಕೂಲಿಗಳ ಲೈನ್ ಮನೆಯ ಹಿಂದೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾನೆ, ನುಗ್ಗೆಮರದ ಹರಕು ನೆರಳು, ಆಚೆ ಚಿನ್ನ ತೆಗೆದು ಉಳಿದ ಪುಡಿಮಣ್ಣಿನ ಸೈನೈಡ್ ದಿಬ್ಬದ ಬಿಳುಪು ಬೆಳಗಿನ ಬಿಸಿಲಿಗೇ ಕಣ್ಣು ಚುಚ್ಚುತ್ತಿದೆ, ಕೈಯಲ್ಲಿ ಕಾರ್ಬೊರೇಟರಿನ ಕೆಳಗಿನ ತುಂಡು, ಅಂಗೈಯಲ್ಲಿ ಅಡಗುವಷ್ಟು, ಅದರಲ್ಲೊಂದು ದುಂಡನೆ ತೂತು, ಇಂಜಿನ್ನಿಗೆ ಗಾಳಿ ಹೋಗಲು ಇರುವ ದಾರಿ ಅದೊಂದೇ, ಆ ದಾರಿಯ ನಡುವೆ ಒಂದು ಹಿತ್ತಾಳೆ ತಟ್ಟೆ, ಪೆಡಲ್ ತುಳಿದರೆ ತಟ್ಟೆ ಓರೆಯಾಗಿ ಗಾಳಿಗೆ ದಾರಿ ಬಿಡುತ್ತದೆ, ಕಾಲೆತ್ತಿದರೆ ಮುಚ್ಚುತ್ತದೆ. ತಟ್ಟೆಯನ್ನು ಬಿಚ್ಚಿ ಪಕ್ಕದ ಇಟ್ಟಿಗೆಯ ಮೇಲೆ ಇಟ್ಟಿದ್ದಾನೆ. ಅದನ್ನು ಹಿಡಿದಿದ್ದ ಎರಡು ಸ್ಕ್ರೂಗಳ ತಲೆ ಗಾಳಿಯ ದಾರಿಗೆ ಎದ್ದು ನಿಂತಿದ್ದವು, ಅವನ್ನು ಆಗಲೇ ಅರದಿಂದ ತೀಡಿ ಮಟ್ಟ ಮಾಡಿದ, ಇಂಜಿನ್ನಿಗೆ ಕೂಡುವ ಕಡೆ ಲೋಹದಲ್ಲಿ ಒಂದು ಮೆಟ್ಟಿಲಿನಂಥ ಅಂಚಿತ್ತು, ಗಾಳಿ ಅದಕ್ಕೆ ಎಡವಿ ಒಳಗೆ ಹೋಗುತ್ತಿತ್ತು, ಅದನ್ನೂ ಇಳಿಸಿದ, ಅಲ್ಲಿಗೆ ಕೆಲಸ ಮುಗಿದಿತ್ತು, ಯಾರನ್ನು ಕೇಳಿದರೂ ಮುಗಿಯಿತು ಅನ್ನುತ್ತಿದ್ದರು, ಆದರೆ ಮೆತ್ತನೆ ಲೋಹ, ಅರ ಬೆಣ್ಣೆಯಲ್ಲಿ ಆಡಿದ ಹಾಗೆ ಆಡುತ್ತದೆ, ಇನ್ನೊಂದು ಸುತ್ತು, ತೂತಿನ ಗೋಡೆಯನ್ನೇ ಇನ್ನೊಂದು ಸುತ್ತು, ಗಾಳಿಗೆ ದಾರಿ ಅಗಲವಾದರೆ ಯಾರಿಗೇನು ನಷ್ಟ, ಗಾಳಿ ಜಾಸ್ತಿಯಾಗಿ ಸತ್ತವರನ್ನು ಈ ಊರಿನಲ್ಲಿ ಯಾರಾದರೂ ಕಂಡಿದ್ದಾರೆಯೇ.

ಯಾರೂ ಇಳಿಯಬಾರದು, ಅಷ್ಟೇ, ಇವತ್ತು ಆ ದಿಣ್ಣೆಯಲ್ಲಿ ಒಬ್ಬರೂ ನೆಲಕ್ಕೆ ಕಾಲಿಡಬಾರದು. ಬಂಗಾರಪೇಟೆಯಿಂದ ಬೂದಿಕೋಟೆಗೆ ಹೋಗುವಾಗ ಸಿಗುವ ಮುನೇಶ್ವರನ ದಿಣ್ಣೆ, ಸ್ಟೇಷನ್ ಮುಂದೆ ಸಾಲು ನಿಲ್ಲುವ ಬೇರೆ ಬಾಡಿಗೆ ಕಾರುಗಳು ಮುಕ್ಕಿರಿದಾದರೂ ಅದನ್ನು ಹತ್ತುತ್ತವೆ, ಇವನದು ಮಾತ್ರ ಅರ್ಧಕ್ಕೆ ಬಂದು ಗುಳುಗುಳು ಅಂದು ನಿಲ್ಲುತ್ತದೆ, ಗಣಿಯ ದೊರೆಯೊಬ್ಬ ತನ್ನ ದೇಶಕ್ಕೆ ಹೊರಡುವಾಗ ಬಿಟ್ಟುಹೋದ ಮುದಿ ಕಾರು, ಕೋದಂಡಪ್ಪನ ಎದೆಯ ಫೋಟೋ ನೋಡಿ ಡಾಕ್ಟರು ಇನ್ನು ಕೆಳಗೆ ಇಳಿಯಬೇಡ ಎಂದು ಮೇಲಕ್ಕೆ ಕಳಿಸಿದಾಗ ಕೈಗೆ ಬಂದ ದುಡ್ಡನ್ನೆಲ್ಲ ಅದಕ್ಕೇ ಸುರಿದಿದ್ದ. ಹೋದ ವಾರ ಬೂದಿಕೋಟೆಯ ಅನಸೂಯಮ್ಮ, ದಪ್ಪನೆ ಹೆಂಗಸು, ಸುಡುಬಿಸಿಲಲ್ಲಿ ಇಳಿದು ದಿಣ್ಣೆ ಹತ್ತಬೇಕಾಯಿತು, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಎಲ್ಲರಿಗೂ ಕೇಳುವ ಹಾಗೆ ಅಂದಳು, ಓನರಿಗೂ ಎದೆ ಇಲ್ಲ, ಗಾಡೀಗೂ ಎದೆ ಇಲ್ಲ, ಚೆನ್ನಾಗಿ ಕೂಡ್ತು ಜೋಡಿ. ಅದು ಸಂಜೆಯೊಳಗೆ ಸ್ಟೇಷನ್ನಿಗೆ ಬಂದು ಮುಟ್ಟಿತು, ಬೂದಿಕೋಟೆಯಿಂದ ಹೊರಟ ಮಾತು ಬಸ್ಸಿಗಿಂತ ಮುಂಚೆ ಬಂಗಾರಪೇಟೆ ಸೇರುತ್ತದೆ. ನಕ್ಕವರ ಮೇಲೆ ಅವನಿಗೆ ಸಿಟ್ಟಿಲ್ಲ, ನಗುವವರ ಬಾಯಿ ಹಿಡಿಯುವುದು ಯಾರಿಂದ ಆಗುತ್ತದೆ, ಸಿಟ್ಟು ನಗದೇ ಇದ್ದ ಸೊಣ್ಣಪ್ಪನ ಮೇಲೆ, ಸಾಲಿಗೆಲ್ಲ ಹಿರಿಯ, ಯಾರ ಗಾಡಿ ಎಲ್ಲಿ ನಿಲ್ಲಬೇಕೆಂದು ಹೇಳುವವನು, ಅವನು ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ, ಕೋದಂಡ, ನೀನು ಕಷ್ಟ ಬಿದ್ದಿದ್ದು ಸಾಕು ಕಣ್ಲಾ, ಗಾಡಿ ಮಾರಾಕಿ ಮನ್ಯಾಗೆ ಕೂತ್ಕೊ. ಎಷ್ಟು ಅಕ್ಕರೆಯಿಂದ ಅಂದ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಮನೆಯಲ್ಲಿ ಕೂರುವುದು ಅಂದರೇನು ಎಂದು ಲೈನಿನಲ್ಲಿ ಹುಟ್ಟಿದವರನ್ನು ಕೇಳಬೇಕು, ಜಗಲಿಯ ಮೇಲೆ ಗೋಣಿಚೀಲ, ಪಕ್ಕದಲ್ಲಿ ಉಗುಳಲು ಬೂದಿ ತುಂಬಿದ ಡಬ್ಬ, ಎದುರಿಗೆ ಗಣಿಯ ಬಾಯಿಯ ಮೇಲೆ ತಿರುಗುವ ದೊಡ್ಡ ಚಕ್ರ, ಅದು ತಿರುಗುವುದನ್ನು ನೋಡುತ್ತ, ಕೆಮ್ಮುತ್ತ, ಬೆಳಗಿನಿಂದ ಸಂಜೆ, ಹಾಗೆ ಕೂತವನು ಯಾವನೂ ಎದ್ದು ಹೋದದ್ದಿಲ್ಲ, ಹೊತ್ತುಕೊಂಡೇ ಹೋದದ್ದು — ನಾನು ಕೂರಲ್ಲ, ಅಂದ ಕೋದಂಡಪ್ಪ, ಇಡೀ ಸಾಲಿನ ಮುಂದೆ ಅಂದ, ಬರೋ ಭಾನುವಾರ ನೀನೇ ಮುಂದಿನ ಸೀಟಲ್ಲಿ ಕೂತ್ಕೊ ಸೊಣ್ಣಪ್ಪ, ಅನಸೂಯಮ್ಮನ್ನೇ ಕರ್ಕೊಂಡು ಬಾ, ದಿಣ್ಣೇಲಿ ಒಬ್ರು ಇಳಿದ್ರೂ ನಾನಾಗೇ ಸಾಲು ಬಿಡ್ತೀನಿ. ಸೊಣ್ಣಪ್ಪ ಮೀಸೆ ಸವರಿಕೊಂಡು ಆಯ್ತು ಅಂದ. ಭಾನುವಾರ ಇವತ್ತೇ.

ಬಾಗಿಲಲ್ಲಿ ಬಳೆ ಸದ್ದು, ಮುನಿಗಂಗಮ್ಮ ಕಾಫಿ ಲೋಟ ಹಿಡಿದು ಬಂದು ಕಲ್ಲಿನ ಅಂಚಿಗೆ ಇಟ್ಟಳು, ಪುಡಿ ಬಿದ್ದೀತೆಂದು ಮೇಲೊಂದು ತಟ್ಟೆ ಮುಚ್ಚಲು ಹೋಗಿ ಕೈ ಹಿಂದಕ್ಕೆ ತೆಗೆದಳು, ಗಂಡನ ಮುಂದೆ ಏನನ್ನೂ ಮುಚ್ಚಬಾರದೆಂದು ಅವಳಿಗೆ ಅಭ್ಯಾಸವಾಗಿ ಹೋಗಿದೆ, ಮಾಗಿ ಚಳಿಯಲ್ಲೂ ಈ ಮನೆಯ ಕಿಟಕಿ ತೆರೆದೇ ಇರುತ್ತದೆ, ದಿಬ್ಬದ ಧೂಳು ಒಳಗೆ ಬಂದರೆ ಗುಡಿಸುತ್ತಾಳೆ, ಕಿಟಕಿಗೆ ಕೈ ಹಚ್ಚುವುದಿಲ್ಲ. ಗಣಿಯೊಳಗೆ ಅವನ ಗ್ಯಾಂಗಿನ ಕಟ್ಟಳೆ ಅದು, ಗಾಳಿ ಮುಚ್ಚು ಅನ್ನುವ ಮಾತನ್ನು ಕೊನೆಯ ಮನುಷ್ಯ ಹೊರಗೆ ಬರುವವರೆಗೆ ಯಾರೂ ಬಾಯಿಗೆ ತಾರರು, ಹೊಸಬನೊಬ್ಬ ತಿಳಿಯದೆ ಅಂದುಬಿಟ್ಟರೆ ಕಪಾಳಕ್ಕೆ ಒಂದು ಬೀಳುತ್ತಿತ್ತು, ಹಾಗೆ ಹೊಡೆದವನೇ ಆಮೇಲೆ ಬೀಡಿ ಕೊಟ್ಟು ಸಮಾಧಾನ ಮಾಡುತ್ತಿದ್ದ. ಹೆಂಡತಿಯ ಅಣ್ಣ ಮುನಿಶಾಮಿಯೇ ಅವನಿಗೂ ಅದನ್ನು ಕಲಿಸಿದ್ದು, ಮೊದಲ ದಿನ, ಕೆಳಗೆ ಇಳಿಯುವ ಬೋನಿನಲ್ಲಿ ಪಕ್ಕಪಕ್ಕ ನಿಂತಾಗ, ಬಾವ, ಅನ್ನ ಸಾಕು ಅನ್ನು, ನೀರು ಸಾಕು ಅನ್ನು, ಗಾಳೀಗೆ ಮಾತ್ರ ಸಾಕು ಅನ್ಬೇಡ — ಅಂದವನು ನಗುತ್ತಿದ್ದ, ಹಣೆಯ ಮೇಲೆ ದೀಪ, ಹಲ್ಲು ಮಾತ್ರ ಕಾಣುತ್ತಿತ್ತು. ಬೇಡ, ಆ ಕಡೆ ಹೋಗುವುದು ಬೇಡ, ಕಾಫಿ ಕುಡಿ, ಕೋದಂಡಪ್ಪ ಕುಡಿದ, ಬೆಲ್ಲ ಜಾಸ್ತಿಯಾಗಿದೆ, ನಾನೂ ಬತ್ತೀನಿ ಗಾಡೀಲಿ ಅಂದಳು ಮುನಿಗಂಗಮ್ಮ, ತೌರಿಗೆ ಓಗಿ ಬಾಳ ದಿನ ಆಯ್ತು. ತೌರು ಬರೀ ನೆಪ. ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ಅವಳಿಗೂ ಗೊತ್ತು, ಎದೆ ತುಂಬಿಬಂತು, ಬಾ ಅಂದ, ಇಳಿಯೋ ಮಾತಿಲ್ಲ ಮತ್ತೆ. ನಾನ್ಯಾಕೆ ಇಳೀಲಿ ಅಂದಳು.

ಆರುಮುಗಂ ಬಂದದ್ದು ಅರ ಕೆಳಗಿಟ್ಟು ಉಪ್ಪುಕಾಗದ ಹಿಡಿದ ಹೊತ್ತಿಗೆ. ಒಂದು ಕಾಲಕ್ಕೆ ಅದೇ ಗ್ಯಾಂಗು, ಈಗ ರಾಬರ್ಟ್‌ಸನ್‌ಪೇಟೆಯ ವರ್ಕ್‌ಶಾಪಿನಲ್ಲಿ ಕೆಲಸ, ಭಾನುವಾರ ರಜೆಯೆಂದು ಎಣ್ಣೆಸ್ನಾನ ಮಾಡಿ ಬಂದಿದ್ದಾನೆ, ತಲೆಯಿಂದ ಸೀಗೆಪುಡಿ ವಾಸನೆ. ತುಂಡನ್ನು ಕೈಗೆ ತೆಗೆದುಕೊಂಡ, ಒಳಗೆ ಬೆರಳಾಡಿಸಿ ತಲೆದೂಗಿದ, ಕನ್ನಡಿ ಮಾಡಿಬಿಟ್ಟಿದೀಯ ಅಣ್ಣ, ಆಮೇಲೆ ಇಟ್ಟಿಗೆಯ ಮೇಲಿನ ತಟ್ಟೆಯನ್ನು ತೆಗೆದು ಅದರ ಜಾಗದಲ್ಲಿ ಕೂರಿಸಿ, ಪೂರ್ತಿ ಮುಚ್ಚಿ, ಸೂರ್ಯನಿಗೆ ಎತ್ತಿ ಹಿಡಿದ. ಕೋದಂಡಪ್ಪನೂ ನೋಡಿದ. ಮುಚ್ಚಿದ ತಟ್ಟೆಯ ಒಂದು ಪಕ್ಕ, ಹಿತ್ತಾಳೆಗೂ ಗೋಡೆಗೂ ನಡುವೆ, ಬೆಳಕು, ಉಗುರು ಕತ್ತರಿಸಿದ ಚೂರಿನಷ್ಟು ಬೆಳಕು. ಇಲ್ಲಿ ಪಾರಣ್ಣ, ನೋಡು, ಅಂದ ಆರುಮುಗಂ, ಅವನಿಗೆ ಹೇಳಲು ಕಷ್ಟವಾಗುತ್ತಿದೆ, ಕೈ ಜಾಸ್ತಿ ಓಡಿಬಿಟ್ಟಿದೆ, ತೂತು ದೊಡ್ಡದಾಯ್ತು, ತಟ್ಟೆ ಸಾಲ್ತಾ ಇಲ್ಲ, ನೀನು ಕಾಲೆತ್ತಿದ್ರೂ ಗಾಳಿ ಓಗ್ತಾನೇ ಇರ್ತದೆ, ಇಂಜಿನ್ ಓಟ ಇಳಿಯಲ್ಲ, ನಾಳೆ ವರ್ಕ್‌ಶಾಪಿನಲ್ಲಿ ಇನ್ನೊಂದು ತಟ್ಟೆ ಕೊಯ್ದು ಕೊಡ್ತೀನಿ, ಒಂದು ದಿನ ತಡಿ. ನಾಳೆ ಯಾರಿಗೆ ಬೇಕು, ನಾಳೆ ಅಂದರೆ ಅನಸೂಯಮ್ಮನ ಬಾಯಿಗೆ ಇನ್ನೊಂದು ಮಾತು ಸಿಕ್ಕ ಹಾಗೆ, ನಾಳೆ ಅಂದವನ ಜಾಗ ಜಗಲಿ, ಗೋಣಿಚೀಲ, ಬೂದಿ ಡಬ್ಬ — ಇಳಿಯದಿದ್ರೆ ಬೇಡ, ನಾನು ಕಟ್ಟಿರೋದು ಅತ್ತೋ ಪಂತ, ಇಳಿಯೋ ಪಂತ ಅಲ್ಲ, ಜೋಡ್ಸು ಅಂದ. ಆರುಮುಗಂ ಜೋಡಿಸಿದ, ಹ್ಯಾಂಡಲ್ ಹಾಕಿ ತಿರುಗಿಸಿದ, ಇಂಜಿನ್ ಹಿಡಿಯಿತು, ಹಿಡಿದದ್ದೇ ಕೂಗತೊಡಗಿತು, ಪೆಡಲ್ ಮೇಲೆ ಯಾರ ಕಾಲೂ ಇಲ್ಲ, ಆದರೂ ಕೂಗುತ್ತಿದೆ, ಪಕ್ಕದ ಮನೆಯ ಕೋಳಿಗಳು ಚೆದುರಿದವು, ಆರುಮುಗಂ ಸ್ಕ್ರೂ ಡ್ರೈವರ್ ಹಿಡಿದು ಓಟ ಇಳಿಸುವ ಸ್ಕ್ರೂವನ್ನು ಕಡೆಯವರೆಗೆ ಬಿಚ್ಚಿದರೂ ಕೂಗು ಒಂದು ಕೂದಲೆಳೆಯಷ್ಟೂ ತಗ್ಗಲಿಲ್ಲ, ಅವನು ಗೆಳೆಯನ ಮುಖ ನೋಡಿದ, ಗೆಳೆಯನ ಮುಖದಲ್ಲಿ ಇದ್ದದ್ದು ಗಾಬರಿಯಲ್ಲ. ಎಷ್ಟೋ ವರ್ಷದಿಂದ ಕೇಳದ ಸದ್ದು ಕೇಳಿದ ಹಾಗೆ ಕೋದಂಡಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ.

ಏಕೆಂದರೆ ಸದ್ದು ಇರುವವರೆಗೆ ಗಾಳಿ ಇದೆ — ಕಾರು ಆಂಡರ್ಸನ್‌ಪೇಟೆ ದಾಟಿ ಬಂಗಾರಪೇಟೆ ರಸ್ತೆಯಲ್ಲಿ ಓಡುತ್ತಿದೆ, ಕಾಲು ಪೆಡಲ್ ಮುಟ್ಟಬೇಕಾಗಿಯೇ ಇಲ್ಲ, ಎತ್ತಿನ ಗಾಡಿ ಅಡ್ಡ ಬಂದರೆ ಕ್ಲಚ್, ಬ್ರೇಕು, ಅಷ್ಟೇ, ಹಿಂದಿನ ಸೀಟಿನಲ್ಲಿ ಮುನಿಗಂಗಮ್ಮ ಒಬ್ಬಳೇ — ಸದ್ದು ಇರುವವರೆಗೆ ಗಾಳಿ ಇದೆ, ಗಾಳಿ ಇರುವವರೆಗೆ ಆಚೆ ಮನುಷ್ಯ ಇದ್ದಾನೆ, ಬೇಡ, ಆ ಕಡೆ ಬೇಡ, ಆದರೆ ಮನಸ್ಸು ಹಗ್ಗ ಕಿತ್ತ ಹೋರಿ, ಹೋಗಿಯೇ ಬಿಟ್ಟಿತು, ನೆಲದೊಳಗೆ ಬಂಡೆ ಸಿಡಿದ ದಿನ, ಗುಡುಗಲ್ಲ, ಗುಡುಗು ಮೇಲಿನಿಂದ ಬರುತ್ತದೆ, ಅದು ಕಾಲಡಿಯಿಂದ ಬಂತು, ದಾರಿಯೆಲ್ಲ ಕಲ್ಲು ಬಿದ್ದು ಕಟ್ಟಿಹೋಯಿತು, ಆ ಪಕ್ಕದಲ್ಲಿ ಮುನಿಶಾಮಿ, ಈ ಪಕ್ಕದಲ್ಲಿ ಇವರೆಲ್ಲ, ಕಲ್ಲಿನ ರಾಶಿಯ ಕೆಳಗೆ ಗಾಳಿ ಪೈಪೊಂದು ಮಾತ್ರ ಜಜ್ಜದೆ ಉಳಿದಿತ್ತು, ಅದರಲ್ಲಿ ಗಾಳಿ ಬುಸುಗುಡುತ್ತ ಆಚೆ ಹೋಗುತ್ತಿತ್ತು, ಆಚೆಯಿಂದ ಮುನಿಶಾಮಿ ಕಲ್ಲಿನಿಂದ ಪೈಪು ಬಡಿಯುತ್ತಿದ್ದ, ಇದ್ದೀನಿ, ಇದ್ದೀನಿ, ಇವರು ಕಲ್ಲು ತೆಗೆಯುತ್ತಿದ್ದರು, ಕೋದಂಡಪ್ಪನನ್ನು ಪೈಪಿಗೆ ಗಾಳಿ ಬಿಡುವ ತಿರುಪಿನ ಹತ್ತಿರ ನಿಲ್ಲಿಸಿದರು, ಯಾರೂ ಮುಟ್ಟದ ಹಾಗೆ ನೋಡ್ಕೊ, ನೋಡಿಕೊಂಡ, ಎರಡೂ ಕೈಯಲ್ಲಿ ಹಿಡಿದು ನಿಂತ, ಊಟಕ್ಕೆ ಕರೆದರೆ ಹೋಗಲಿಲ್ಲ, ಬದಲಿ ಆಳು ಬಂದರೆ ಬಿಡಲಿಲ್ಲ, ಬಡಿತ ನಿಧಾನವಾಯಿತು, ಆಮೇಲೆ ಬಿಟ್ಟು ಬಿಟ್ಟು ಬಂತು, ಆಮೇಲೆ ಬರಲಿಲ್ಲ. ಮೇಸ್ತ್ರಿ ತಲೆಯ ಮೇಲಿನ ದೀಪ ತೆಗೆದು ಕೈಯಲ್ಲಿ ಹಿಡಿದ, ಇನ್ನು ಬಿಡಪ್ಪ ಅಂದ, ಗಾಳಿ ನಿಲ್ಲಿಸಬೇಕು, ಪೈಪು ಬಿಚ್ಚದೆ ಹೆಣ ತೆಗೆಯೋಕಾಗಲ್ಲ. ಇವನು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು, ಬಿಡಿಸಿದವನು ಇದೇ ಆರುಮುಗಂ, ಅಳುತ್ತ ಬಿಡಿಸಿದ, ತಿರುಪು ತಿರುಗಿತು, ಬುಸುಗುಡುವುದು ನಿಂತಿತು, ಆ ಸುಮ್ಮನಾದದ್ದಿದೆಯಲ್ಲ, ಅಂಥ ಸುಮ್ಮನಿರುವುದನ್ನು ಅವನು ಹಿಂದೆ ಕೇಳಿರಲಿಲ್ಲ, ಮುಂದೆ ಕೇಳುವುದಿಲ್ಲ. ಮನೆಗೆ ಬಂದವನು ಮುನಿಗಂಗಮ್ಮನ ಮುಂದೆಯೇ ಹೋಗಿ ಕಿಟಕಿ ತೆರೆದ. ಅಂದಿನಿಂದ ಅದು ತೆರೆದೇ ಇದೆ.

ಬಂಗಾರಪೇಟೆ ಬಂತು, ಸೊಣ್ಣಪ್ಪ ಮುಂದಿನ ಸೀಟಿನಲ್ಲಿ ಕೂತ, ಅನಸೂಯಮ್ಮ ತನ್ನ ತಂಗಿಯನ್ನೂ ತಂಗಿಯ ಮಗಳನ್ನೂ ತುರುಕಿಕೊಂಡು ಹಿಂದೆ ಮುನಿಗಂಗಮ್ಮನ ಪಕ್ಕಕ್ಕೆ ಒರಗಿದಳು, ಕಾರು ಒಂದು ಪಕ್ಕಕ್ಕೆ ಬಾಗಿತು, ಇರಲಿ, ಇನ್ನಷ್ಟು ಬಾಗಲಿ, ಸ್ಟೇಷನ್ ಮುಂದೆ ಸಾಲಿನವರೆಲ್ಲ ಬೀಡಿ ಬಿಟ್ಟು ನೋಡುತ್ತಿದ್ದಾರೆ, ಏನ್ಲಾ ಇದು ಇಷ್ಟು ಕೂಗ್ತದೆ ಅಂದ ಸೊಣ್ಣಪ್ಪ, ಹಸಿದಿದೆ ಅಂದ ಕೋದಂಡಪ್ಪ, ಊರು ಬಿಟ್ಟ, ರಾಗಿ ಹೊಲ, ಹುಣಸೆಮರ, ಮತ್ತೆ ರಾಗಿ ಹೊಲ, ಕಣ್ಣಿನ ಅಂಚಿನಲ್ಲಿ ಆ ಬೆಳಕು, ಉಗುರಿನ ಚೂರಿನಷ್ಟು, ರೆಪ್ಪೆ ಬಡಿದರೂ ಹೋಗುತ್ತಿಲ್ಲ, ಬಿಸಿಲಿರಬೇಕು, ಗಾಜಿನ ಮೇಲೆ ಬಿದ್ದ ಬಿಸಿಲು, ದಿಣ್ಣೆ ಬಂತು. ಪೆಡಲ್ ತುಳಿದ. ಒಂದೇ ಸಲ ಪೂರ್ತಿ ತುಳಿದ, ತಟ್ಟೆ ಈಗ ಗಾಳಿಗೆ ಪೂರಾ ಬಾಯಿ ಬಿಟ್ಟಿರಬೇಕು, ಹೋಗು, ಸ್ಕ್ರೂ ತಲೆ ಅಡ್ಡವಿಲ್ಲ, ಮೆಟ್ಟಿಲು ಅಡ್ಡವಿಲ್ಲ, ಹೋಗು, ಎದೆ ತುಂಬ ಎಳೆದುಕೋ, ನನಗೆ ಆಗದ್ದು ನಿನಗಾದರೂ ಆಗಲಿ, ಎಳೆದುಕೋ, ಯಾವಾಗಲೂ ನಿಲ್ಲುವ ಬಂಡೆ ಬಂತು, ಅನಸೂಯಮ್ಮ ಇಳಿಯಲು ಬಾಗಿಲ ಹಿಡಿಗೆ ಕೈ ಹಾಕಿದಳು, ಬಂಡೆ ಹಿಂದೆ ಹೋಯಿತು, ಕೈ ಹಿಡಿಯ ಮೇಲೇ ಉಳಿಯಿತು, ಅಯ್ಯೋ ಅತ್ತುತ್ತಲ್ಲ ಅಂದಳು, ಹೌದು ತಾಯಿ, ಹತ್ತುತ್ತದೆ, ಎದೆಯಿಲ್ಲದವನ ಗಾಡಿ ಹತ್ತುತ್ತದೆ, ಸೊಣ್ಣಪ್ಪ ಸೀಟಿನ ಅಂಚು ಹಿಡಿದುಕೊಂಡಿದ್ದಾನೆ, ಹತ್ತು, ಇನ್ನೂ, ಕೋದಂಡಪ್ಪನಿಗೆ ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕ, ಕಣ್ಣಲ್ಲಿ ನೀರು, ಕಾಲು ಮಾತ್ರ ಪೆಡಲ್ ಮೇಲೆ ಬಿಗಿ, ತುದಿ ಬಂತು, ಬೇವಿನ ಮರ, ಅದರ ಬುಡದಲ್ಲಿ ಅರಿಶಿನ ಬಳಿದ ಮುನೇಶ್ವರನ ಕಲ್ಲು, ಗೆದ್ದ.

ಆ ಕಲ್ಲಿನ ಮುಂದೆ ಯಾವ ಗಾಡಿಯೂ ಇಂಜಿನ್ ಆರಿಸದೆ ಹೋಗುವುದಿಲ್ಲ. ಡ್ರೈವರು ಆರಿಸಬೇಕು, ಕರ್ಪೂರ ಹಚ್ಚಬೇಕು, ಅದು ಉರಿದು ತೀರುವವರೆಗೆ ಸದ್ದಿರಬಾರದು, ಆಮೇಲೆ ಆಚೆ ಇಳಿಜಾರು ಇಳಿಯಬೇಕು. ಕ್ಲಚ್ ತುಳಿದು ಬ್ರೇಕು ಹಿಡಿದು ನಿಲ್ಲಿಸಿದ, ಇಂಜಿನ್ ಕೂಗುತ್ತಿದೆ, ಸೊಣ್ಣಪ್ಪ ಇಳಿದ, ಕಿಟಕಿಯೊಳಗೆ ಬಗ್ಗಿದ, ಅವನ ಮುಖ ಅರಳಿತ್ತು, ಒಳ್ಳೆಯವನು, ಸೋತದ್ದಕ್ಕೆ ಖುಷಿಪಡುವವರು ಎಷ್ಟು ಜನ ಇದ್ದಾರೆ, ಅತ್ತಿಸ್ದೆ ಕಣ್ಲಾ, ಸಾಲಲ್ಲಿ ನಿನ್ ಜಾಗ ನಿಂದೇ, ಆರ್ಸು, ಕರ್ಪೂರ ಅಚ್ಚಾಣ. ಕೋದಂಡಪ್ಪನ ಕೈ ಕೀಲಿಯ ಕಡೆ ಹೋಯಿತು, ಅಲ್ಲೇ ನಿಂತಿತು. ಕಾಲು ತೆಗೀಲಾ ಪೆಡಲ್ ಮೇಲಿಂದ, ಅಂದ ಸೊಣ್ಣಪ್ಪ. ತೆಗ್ದಿದೀನಿ. ಸೊಣ್ಣಪ್ಪ ಕೆಳಗೆ ನೋಡಿದ, ಪೆಡಲ್ ಮೇಲೆ ಕಾಲಿಲ್ಲ, ಇಂಜಿನ್ ಕೂಗುತ್ತಿದೆ, ಮುಖದ ನಗು ಹೋಯಿತು, ಈ ತರ ಕೂಗೋದನ್ನ ಇಳಿಜಾರಲ್ಲಿ ಇಡಿಯೋರ್ಯಾರು ಕೋದಂಡ, ಸಾಕು, ಆರ್ಸು. ಸಾಕು ಅಂದ, ಅನ್ನಬಾರದ್ದನ್ನು ಅಂದ, ಅನ್ನ ಸಾಕು ಅನ್ನು, ನೀರು ಸಾಕು ಅನ್ನು — ಆರ್ಸಲ್ಲ ಅಂದ ಕೋದಂಡಪ್ಪ, ಎಲ್ರೂ ಕೂತ್ಕೊಳಿ, ಬೂದಿಕೋಟೆ ತನಕ ಇಂಗೇ ಓಗ್ತೀನಿ. ಅನಸೂಯಮ್ಮ ಇಳಿದಳು, ತಂಗಿಯ ಮಗಳನ್ನು ಎಳೆದು ಇಳಿಸಿಕೊಂಡಳು, ತಂಗಿ ಇಳಿದಳು, ಹತ್ತುವಾಗ ಒಬ್ಬರೂ ಇಳಿಯಲಿಲ್ಲ, ಈಗ ಎಲ್ಲರೂ ಬೇವಿನ ಮರದ ಕೆಳಗೆ ದೂರ ಹೋಗಿ ನಿಂತಿದ್ದಾರೆ, ನಿಲ್ಲಲಿ, ಅವರಿಗೇನು ಗೊತ್ತು, ಕೈ ಬಿಗಿಯಾಗಿ ಕೀಲಿ ಹಿಡಿದಿದೆ, ತಿರುಗಿಸುವುದಕ್ಕಲ್ಲ, ಯಾರೂ ತಿರುಗಿಸದ ಹಾಗೆ ಹಿಡಿದಿದೆ, ರೇಡಿಯೇಟರಿನಿಂದ ಆವಿ ಏಳುತ್ತಿದೆ, ಏಳಲಿ, ಸದ್ದು ನಿಂತರೆ ಆ ಸುಮ್ಮನಿರುವುದು ಬರುತ್ತದೆ, ನಾನು ಬಿಡಲ್ಲ, ಬೆರಳು ಬಿಡಿಸಲು ಇವತ್ತು ಆರುಮುಗಂ ಇಲ್ಲ, ಯಾರ ಕೈಲೂ ಆಗುವುದಿಲ್ಲ — ಕತ್ತಿನ ಹಿಂದೆ ಬೆಚ್ಚಗೆ ಉಸಿರು ತಾಗಿತು. ಮುನಿಗಂಗಮ್ಮ ಇಳಿದಿರಲಿಲ್ಲ. ಸೀಟಿನ ಮೇಲಿಂದ ಬಗ್ಗಿ ಅವನ ಕಿವಿಯ ಹತ್ತಿರ ಬಂದಿದ್ದಳು, ಕೈ ಮುಟ್ಟಲಿಲ್ಲ, ಬೆರಳು ಬಿಡಿಸಲಿಲ್ಲ.

ಮಾವ, ಅಂದಳು, ನಮ್ಮಣ್ಣ ಒಳಗಿಲ್ಲ. ಆರ್ಸು.

ಬೆರಳು ಕೀಲಿಯ ಮೇಲೇ, ಇನ್ನೂ ತಿರುಗಿಸಿಲ್ಲ, ಇಂಜಿನ್ ಕೂಗುತ್ತಿದೆ, ಒಳಗಿಲ್ಲ, ಒಳಗೆ ಯಾರೂ ಇಲ್ಲ, ಮುಚ್ಚಿದ ತಟ್ಟೆ, ಅದರ ಅಂಚಿನಲ್ಲಿ ಬೆಳಕು, ಅಷ್ಟೇ, ಆಚೆ ಪಕ್ಕದಲ್ಲಿ ಯಾರೂ ಇಲ್ಲದ ಬೆಳಕು, ಉಗುರು ಕತ್ತರಿಸಿದ ಚೂರಿನಷ್ಟು ಬೆಳಕು, ಬೆಳಕು —